ಸಾಕು ಅಂದಾಗ ಬಿಟ್ಟ ಕೈ

ಕಬಡ್ಡಿ ಆಟದಲ್ಲಿ ನನ್ನ ಮೊಮ್ಮಗ ಒಬ್ಬ ಹುಡುಗನ ತೊಡೆ ಹಿಡಿದ. ವಿಶಲ್ ಊದಿದರು. ಬಿಟ್ಟ. ನಡೆದಿದ್ದು ಇಷ್ಟೇ. ಇದನ್ನು ನಾನು ಹಾಲಿನ ಡೈರಿಯಲ್ಲಿ ಹೇಳಿದೆ, ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ಹೇಳಿದೆ, ಪಾಂಡವಪುರದ ಬಸ್ಸಿನಲ್ಲಿ ಪಕ್ಕ ಕೂತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು, "ಇಡ್ದ, ಬುಟ್ಟ, ಸರಿ. ಆಮ್ಯಾಕೇನಾಯ್ತು?" ಅಂದಳು.

"ಆಮ್ಯಾಕೆ ಏನೂ ಆಗ್ನಿಲ್ಲ ಕಣವ್ವ. ಅದೇ ಸುದ್ದಿ" ಅಂದೆ.

ಅವಳು ಕಿಟಕಿ ಕಡೆ ತಿರುಗಿಕೊಂಡಳು. ಅವಳದೇನೂ ತಪ್ಪಿಲ್ಲ. ಏನೂ ಆಗಲಿಲ್ಲ ಅನ್ನುವ ಮಾತಿನ ತೂಕ ತಿಳಿಯಬೇಕಾದರೆ ನಮ್ಮ ಮನೆಯಲ್ಲಿ ಏನೇನು ಆಗಿಹೋಗಿದೆ ಅನ್ನುವುದು ಗೊತ್ತಿರಬೇಕು.

ನಾನು ದೇವಲಾಪುರದ ಕಡೆಯವಳು. ಮಳೆ ಬಂದರೆ ರಾಗಿ, ಬಾರದಿದ್ದರೆ ಹುರುಳಿ ಅನ್ನುವ ಸೀಮೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಡಿಸಿ ಕುರಿ ಹಿಂದೆ ಕಳಿಸಿದರು, ಆಮೇಲೆ ನಾಲೆ ಬಯಲಿನ ಈ ಊರಿಗೆ ಮದುವೆ ಮಾಡಿದರು. ಗಂಡನ ಮನೆಗೆ ಬಿಡಲು ಬಂದ ನಮ್ಮಪ್ಪ ತುಂಬಿ ಹರಿಯುವ ನಾಲೆ ತೋರಿಸಿ, "ನೀರಿರೋ ಊರ್ಗೆ ಕೊಟ್ಟಿವ್ನಿ ಕಣ್ ಮಗ. ಇನ್ನ್ ನಿಂಗೇನೂ ಕಮ್ಮಿಯಿಲ್ಲ" ಅಂದಿದ್ದ. ಆ ನೀರೇ ನನ್ನ ಮಗನನ್ನು ತಿಂದಿತು. ಮುಳುಗಿಸಿ ಅಲ್ಲ.

ನಾಲೆಗೆ ನೀರು ಬಿಟ್ಟಾಗ ತೂಬಿನಿಂದ ಗದ್ದೆಗಳಿಗೆ ಸರದಿ ಮೇಲೆ ಹಾಯಿಸಿಕೊಳ್ಳಬೇಕು. ಒಂದು ಬೆಳಗ್ಗೆ ನಮ್ಮ ಸರದಿಯ ನೀರನ್ನು ಮೇಲಿನ ಗದ್ದೆಯವನು ತನ್ನ ಕಡೆ ತಿರುಗಿಸಿಕೊಂಡಿದ್ದ. ಮಾತಿಗೆ ಮಾತು ಬೆಳೆಯಿತು. ನನ್ನ ಮಗ ಕೈಯಲ್ಲಿದ್ದ ಗುದ್ದಲಿ ಎತ್ತಿ ಹೊಡೆದ. ಮೊದಲ ಏಟಿಗೆ ಆ ಮನುಷ್ಯ ಬದುವಿನ ಮೇಲೆ ಕೂತ. ಸುತ್ತಲಿನವರು "ಸಾಕು ಬುಡ್ಲಾ, ಸಾಕು ಬುಡ್ಲಾ" ಅಂತ ಕೂಗಿಕೊಂಡು ಓಡಿ ಬರುತ್ತಿದ್ದರಂತೆ. ಅವರು ಬಂದು ಮುಟ್ಟುವುದರೊಳಗೆ ಇವನು ಎರಡನೇ ಏಟು ಹಾಕಿದ. ಅದಕ್ಕೆ ಆತ ಏಳಲಿಲ್ಲ. ಅವನಿಗೂ ಹೆಂಡತಿ ಮಕ್ಕಳಿದ್ದರು. ಈಗಲೂ ನಾನು ಆ ಮನೆ ಮುಂದೆ ತಲೆ ಬಗ್ಗಿಸಿಕೊಂಡು ಹೋಗುತ್ತೇನೆ.

ಅವತ್ತು ಮೊಮ್ಮಗ ಅಪ್ಪನಿಗೆ ತಿಂಡಿ ತೆಗೆದುಕೊಂಡು ಗದ್ದೆಗೆ ಹೋಗಿದ್ದ. ಸಣ್ಣ ಹುಡುಗ, ಇನ್ನೂ ನಮ್ಮೂರ ಸ್ಕೂಲಿನಲ್ಲೇ ಓದುತ್ತಿದ್ದ. ನಾನು ಹೋಗಿ ನೋಡಿದಾಗ ಮೊಣಕಾಲುದ್ದ ನೀರಲ್ಲಿ ನಿಂತು ತಿಂಡಿ ಡಬ್ಬಿಯನ್ನು ಎದೆಗೆ ಅವುಚಿಕೊಂಡಿದ್ದ. ಮನೆಗೆ ಎಳೆದುಕೊಂಡು ಬಂದ ಮೇಲೂ ಡಬ್ಬಿ ಬಿಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಒಳಗೆ ಉಪ್ಪಿಟ್ಟು ಬಿಸಿಯಾಗಿಯೇ ಇತ್ತು.

ಮಗನಿಗೆ ಜೀವಾವಧಿ ಆಯಿತು. ನನ್ನ ಯಜಮಾನರು ಅದೇ ಕೊರಗಿನಲ್ಲಿ ಹೋದರು. ಸೊಸೆ ಶ್ರೀರಂಗಪಟ್ಟಣದ ಕಡೆಯ ಗಾರ್ಮೆಂಟ್ಸಿಗೆ ಸೇರಿದಳು. ಬೆಳಕು ಹರಿಯುವ ಹೊತ್ತಿಗೆ ವ್ಯಾನು ಹತ್ತಿದರೆ ದೀಪ ಹಚ್ಚಿದ ಮೇಲೆ ಬರುತ್ತಿದ್ದಳು. ಬಂದವಳು ಮಗನ ಮುಖವನ್ನು ನೇರ ನೋಡುತ್ತಿರಲಿಲ್ಲ. ಹುಡುಗ ಅಚ್ಚು ಅಪ್ಪನ ಮೋರೆ. ಅದು ಅವನು ಮಾಡಿಕೊಂಡ ಪಾಪವಲ್ಲ.

ಮೀಸೆ ಮೂಡುವ ಹೊತ್ತಿಗೆ ಮೈಯಲ್ಲಿ ಕಸುವು ತುಂಬಿಕೊಂಡಿತು. ಕಬಡ್ಡಿಯಲ್ಲಿ ಅವನ ಕೈಗೆ ಸಿಕ್ಕವರು ತಪ್ಪಿಸಿಕೊಂಡು ಹೋಗಿದ್ದೇ ಇಲ್ಲ. ಒಂದು ಕ್ರೀಡಾ ಹಾಸ್ಟೆಲ್ಲಿನ ಮೇಷ್ಟ್ರು ಅದನ್ನು ನೋಡಿ ಕರೆದುಕೊಂಡು ಹೋದರು. ಅಲ್ಲಿ ಬಟ್ಟೆ, ಬೂಟು, ದಿನಾ ಮೊಟ್ಟೆ, ಹಾಲು. ಹಬ್ಬಕ್ಕೆ ಬಂದಾಗ ಬೆನ್ನ ಮೇಲೆ ನಂಬರು ಇರುವ ಬನಿಯನ್ನು ಹಾಕಿಕೊಂಡು ಬೀದಿಯಲ್ಲಿ ಎರಡು ಸುತ್ತು ಹೆಚ್ಚಿಗೇ ಓಡಾಡಿದ. ಸದ್ಯ, ಒಂದು ಜೀವ ದಡ ಸೇರಿತು ಅಂತ ನಿಮಿಷಾಂಬ ತಾಯಿಗೆ ನಿಂಬೆಹಣ್ಣಿನ ಹಾರ ಹಾಕಿಸಿ ಬಂದೆ.

ಅದಾದ ಸ್ವಲ್ಪ ದಿನಕ್ಕೆ ಶ್ರೀರಂಗಪಟ್ಟಣದ ಹತ್ತಿರ ಒಂದು ಪಂದ್ಯ. ಎದುರಿನ ತಂಡದಿಂದ ಒಬ್ಬ ಹುಡುಗ ರೈಡಿಗೆ ಬಂದ. ಬಂದವನು ಆಟದ ಹುರುಪಿಗೆ, "ಜೈಲೋನ್ ಮಗನೇ, ಮುಟ್ಲಾ ನೋಡಾನ" ಅಂದನಂತೆ. ಇವನು ಅವನ ಬಲಗೈ ಹಿಡಿದ. ಅವನು ಬಿದ್ದ. ವಿಶಲ್ ಊದಿತು, ಔಟು ಅಂದರು. ಇವನು ಕೈ ಬಿಡಲಿಲ್ಲ. ಮತ್ತೆ ವಿಶಲ್ ಊದಿದರು. ಅಷ್ಟರಲ್ಲಿ ಮೊಣಕೈ ಮುರಿದಿತ್ತು. ಕಬ್ಬಿನ ಗಿಣ್ಣು ಮುರಿದಂಥ ಸದ್ದು ಬಂತು ಅಂತ ನೋಡಿದವರು ಹೇಳಿದರು. ಅವರು ಹಾಗೆ ಹೇಳಬಾರದಿತ್ತು. ಆಮೇಲೆ ಎಷ್ಟೋ ದಿನ ನನಗೆ ಕಬ್ಬು ಮುರಿಯಲು ಕೈ ಬರಲಿಲ್ಲ.

ಹಾಸ್ಟೆಲ್ಲಿನವರು ಪೆಟ್ಟಿಗೆ ಸಮೇತ ವಾಪಸು ಕಳಿಸಿದರು. ಮೇಷ್ಟ್ರು ಫೋನಿನಲ್ಲಿ, "ಅಮ್ಮಾ, ಅವನಿಗೆ ಹಿಡಿಯೋದು ಕಲಿಸಬೇಕಾಗಿರಲಿಲ್ಲ. ಬಿಡೋದು ಕಲಿಸೋಕೆ ನನ್ನಿಂದ ಆಗಲಿಲ್ಲ" ಅಂದರು. ಊರಿನವರಿಗೆ ಹೇಳಿಕೊಡಬೇಕೆ. ಅಪ್ಪನ ಕೈಯೇ ಬಂದದೆ ಅಂದರು. ಸೊಸೆಯೂ ಅದನ್ನೇ ಅಂದಳು, ಅವನಿಗೆ ಕೇಳಿಸುವ ಹಾಗೆ ಅಂದಳು. ಅವನು ನಂಬರಿನ ಬನಿಯನ್ನನ್ನು ಕೊಟ್ಟಿಗೆಯ ಸಗಣಿ ಹೊರುವ ಮಂಕರಿಗೆ ಹಾಕಿ, ಅಲ್ಲೇ ಗೋಡೆಗೆ ಒರಗಿ ಮಲಗತೊಡಗಿದ. ಮಾತಿಲ್ಲ. ಸಂಜೆಯಾದರೆ ನಾಲೆ ಸೇತುವೆ ಮೇಲೆ ಕುಡಿಯುವವರ ಪಕ್ಕ ಹೋಗಿ ಕೂರುವುದು. ಇನ್ನೂ ಕುಡಿಯುತ್ತಿರಲಿಲ್ಲ. ಅದಕ್ಕೆ ಎಷ್ಟು ಹೊತ್ತು.

ಹೀಗಿರುವಾಗ ಒಂದು ದಿನ ಬಾಗಿಲಲ್ಲಿ ಮೊಪೆಡ್ಡು ನಿಂತಿತು. ಇಳಿದ ಮನುಷ್ಯನಿಗೆ ನನ್ನ ಮಗನಿಗಿಂತ ಸ್ವಲ್ಪ ಹೆಚ್ಚು ವಯಸ್ಸು. ಎಡಗೈಯಲ್ಲಿ ಎರಡು ಬೆರಳಿಲ್ಲ. "ಕೈ ಮುರೀತಲ್ಲ, ಆ ಹುಡುಗನ್ ಅಪ್ಪ ಕಣವ್ವ ನಾನು. ವಸಿ ನೀರ್ ಕೊಡಿ" ಅಂದ.

ಜಗಳಕ್ಕೇ ಬಂದಿದ್ದಾನೆ ಅಂದುಕೊಂಡೆ. ಆದರೂ ನೀರು ಕೇಳಿದವರಿಗೆ ಬರೀ ನೀರು ಕೊಡುವುದುಂಟೆ? ಒಂದು ತುಂಡು ಬೆಲ್ಲವನ್ನೂ ಇಟ್ಟೆ. ಅವನು ಬೆಲ್ಲ ಬಾಯಿಗೆ ಹಾಕಿಕೊಂಡು, "ಯಾವ್ ಆಲೆಮನೇದವ್ವ ಇದು? ಸುಣ್ಣ ಜಾಸ್ತಿ ಬಿದ್ದದೆ" ಅಂದ. ಜಗಳಕ್ಕೆ ಬಂದವನು ಬೆಲ್ಲದ ರುಚಿ ನೋಡುವುದನ್ನು ನಾನು ಕಂಡಿರಲಿಲ್ಲ.

"ಆಸ್ಪತ್ರೆ ಖರ್ಚು ಏನಾಗದೋ ಹಸು ಮಾರಾದ್ರೂ ಕೊಡ್ತೀವಿ ಕಣಪ್ಪ. ಪೋಲೀಸು ಮಾತ್ರ ಬ್ಯಾಡ" ಅಂದೆ.

"ದುಡ್ಡು ಕೇಳಕ್ಕೆ ಬಂದಿಲ್ಲ. ಆಳ್ ಕೇಳಕ್ಕೆ ಬಂದಿವ್ನಿ. ನಮ್ ಆಲೆಮನೆ ಸುರುವಾಗದೆ. ಒಲೆಗೆ ಉರಿ ಆಕ್ತಿದ್ದೋನು ನನ್ ಮಗ. ಅವ್ನ್ ಕೈ ಪಟ್ಟೀಲದೆ. ನಿನ್ ಮೊಮ್ಮಗನ್ನ ಮುಯ್ಯಾಳ್ಗೆ ಕಳ್ಸು."

ಮುಯ್ಯಾಳು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದೇ. ಇವತ್ತು ನಮ್ಮ ಮನೆಯವರು ನಿಮ್ಮ ನಾಟಿಗೆ ಬಂದರೆ ನಾಳೆ ನಿಮ್ಮ ಮನೆಯವರು ನಮ್ಮ ನಾಟಿಗೆ ಬರಬೇಕು. ಕೂಲಿಯಿಲ್ಲ, ಆಳಿಗೆ ಆಳು. ಆದರೆ ಮುರಿದ ಕೈಗೆ ಮುಯ್ಯಾಳು ಕೇಳಿದ್ದು ಅದೇ ಮೊದಲು. ನನಗೆ ಹೆದರಿಕೆ ಹೋಗಲಿಲ್ಲ. ಆಲೆಮನೆಯಲ್ಲಿ ಗಾಣವಿದೆ, ಕೊಪ್ಪರಿಗೆಯ ತುಂಬ ಕುದಿಯುವ ಪಾಕವಿದೆ. ಸೇಡು ತೀರಿಸಿಕೊಳ್ಳುವವನಿಗೆ ಇನ್ನೇನು ಬೇಕು? ಇಲ್ಲ ಅನ್ನೋಣ ಅಂತ ಬಾಯಿ ತೆಗೆಯುವಷ್ಟರಲ್ಲಿ ಹುಡುಗ ಕೊಟ್ಟಿಗೆಯಿಂದ ಎದ್ದು ಬಂದ. "ಬತ್ತೀನಿ" ಅಂದ. ಅಷ್ಟು ದಿನದಲ್ಲಿ ಅವನು ಆಡಿದ ಮೊದಲ ಮಾತು.

ಆಲೆಮನೆ ಮೂರು ಊರಿನಾಚೆ. ಮೊದಲ ವಾರ ನಾನು ಬುತ್ತಿಯ ನೆಪ ಮಾಡಿಕೊಂಡು ದಿನವೂ ಹೋಗಿ ನೋಡಿದೆ. ಗಾಣಕ್ಕೆ ಕಬ್ಬು ಕೊಡುವವರು ಒಬ್ಬರು, ಕಬ್ಬಿನ ಹಾಲು ಕಾದಂತೆ ಮೇಲೆ ಬರುವ ಮಡ್ಡಿ ತೆಗೆಯುವವರು ಒಬ್ಬರು. ಕೆಳಗೆ ಗುಂಡಿಯಂಥ ಜಾಗದಲ್ಲಿ ಕೂತು ಒಲೆ ಬಾಯಿಗೆ ಒಣಗಿದ ಕಬ್ಬಿನ ಸಿಪ್ಪೆ ತುಂಬುವವನು ನನ್ನ ಮೊಮ್ಮಗ. ಮೇಲೆ ಕೊಪ್ಪರಿಗೆಯ ಹತ್ತಿರ ಆ ಮನುಷ್ಯ ನಿಂತಿರುತ್ತಿದ್ದ. ಪಾಕ ಹದಕ್ಕೆ ಬಂದ ಕೂಡಲೇ "ಸಾಕು" ಅನ್ನುತ್ತಿದ್ದ. ಸಾಕು ಅಂದ ಮೇಲೆ ಒಂದು ಹಿಡಿ ಸಿಪ್ಪೆಯೂ ಒಲೆಗೆ ಬೀಳಬಾರದು. ಕೈಯಲ್ಲಿ ಹಿಡಿದಿದ್ದರೂ ಕೆಳಗೆ ಹಾಕಬೇಕು.

ಕೈ ಮುರಿದುಕೊಂಡ ಹುಡುಗನೂ ಅಲ್ಲೇ ಮಂಚದ ಮೇಲೆ ಕೂತಿರುತ್ತಿದ್ದ. ಕುತ್ತಿಗೆಗೆ ಪಟ್ಟಿ ಕಟ್ಟಿ ಕೈ ತೂಗುಹಾಕಿದ್ದರು. ಬಾಯಿಗೆ ಪಟ್ಟಿ ಕಟ್ಟಿರಲಿಲ್ಲ. "ಮೆತ್ತಗ್ ಆಕ್ಲಾ, ಸಿಪ್ಪೆಗೂ ಮೂಳೆ ಇರ್ತದೆ" ಅನ್ನುವನು. "ಅಜ್ಜಿ, ಬುತ್ತೀಲಿ ಏನದೆ? ನಿನ್ ಮೊಮ್ಮಗನ ದೆಸೆಯಿಂದ ನಂಗೆ ಎಡಗೈಲಿ ಮುದ್ದೆ ನುಂಗೋ ಇದ್ಯೆ ಬಂತು" ಅನ್ನುವನು. ಕೆಲಸದವರೆಲ್ಲ ನಗುತ್ತಿದ್ದರು. ಇವನು ಒಲೆ ಮುಂದೆ ತಲೆ ಎತ್ತುತ್ತಿರಲಿಲ್ಲ. ಉರಿಯ ಬೆಳಕಿನಲ್ಲಿ ಅವನ ದವಡೆ ಬಿಗಿಯುವುದು ನನಗೆ ಕಾಣುತ್ತಿತ್ತು. ನನ್ನ ಮಗನಿಗೂ ಹಾಗೇ ಬಿಗಿಯುತ್ತಿತ್ತು.

ಆಗಬಾರದ್ದು ಒಂದು ಮಧ್ಯಾಹ್ನ ಆಗಿಯೇ ಹೋಯಿತು. ಪಾಕ ಹದಕ್ಕೆ ಬರುತ್ತಿದ್ದ ಹೊತ್ತು. ಮಂಚದ ಮೇಲಿನ ಹುಡುಗ ಏನು ನೆನೆಸಿಕೊಂಡನೋ, "ನಿಮ್ಮಪ್ಪ ಜೈಲಲ್ಲಿ ಏನ್ ಕೆಲ್ಸ ಮಾಡ್ತಾನ್ಲಾ? ಗುದ್ದಲಿ ಕೊಡ್ತಾರಾ ಅಲ್ಲಿ?" ಅಂದ. ಅದೇ ಗಳಿಗೆಗೆ ಮೇಲಿನಿಂದ "ಸಾಕು" ಅನ್ನುವ ಮಾತು ಬಂತು. ನನ್ನ ಮೊಮ್ಮಗ ಎರಡೂ ತೋಳು ತುಂಬ ಸಿಪ್ಪೆ ಬಾಚಿ ಒಲೆಗೆ ಎಸೆದ. ಮತ್ತೊಂದು ಬಾಚು. ಮತ್ತೊಂದು. "ಸಾಕು ಅಂದ್ನಲ್ಲೋ" ಅಂತ ಎಲ್ಲರೂ ಕೂಗಿದರು. ಬೆಂಕಿ ಒಲೆಯ ಬಾಯಿಂದ ಹೊರಗೆ ನಾಲಗೆ ಚಾಚಿತು. ಕೊಪ್ಪರಿಗೆ ಇಳಿಸುವುದರೊಳಗೆ ಪಾಕ ಸೀದು, ಆ ಕಹಿ ವಾಸನೆ ಗದ್ದೆ ಬಯಲಿಗೆಲ್ಲ ಹರಡಿತು. ಒಂದು ಗಾಡಿ ಕಬ್ಬು ಕರಿಯಾಗಿ ಕೂತಿತು.

ನಾನು ಬುತ್ತಿ ಬಿಟ್ಟು ಎದ್ದು ನಿಂತೆ. ಈಗ ಹೊಡೆಯುತ್ತಾರೆ ಅಂದುಕೊಂಡೆ. ಆ ಮನುಷ್ಯ ಕೆಳಗಿಳಿದು ಮೊದಲು ತನ್ನ ಮಗನ ತಲೆಗೆ ಒಂದು ಮೊಟಕಿದ. "ಇನ್ನೊಂದ್ ಕೈನೂ ಮುರುಸ್ಕಬೇಕಾ ನೀನು?" ಅಂದ. ಆಮೇಲೆ ಸೀದ ಪಾಕವನ್ನು ಒಂದು ಎಲೆಯ ಮೇಲೆ ಆರಿಸಿ ತಂದು ನನ್ನ ಮೊಮ್ಮಗನ ಮುಂದೆ ಹಿಡಿದ.

"ತಿನ್ನು."

ಇವನು ತಿಂದ. ಮುಖ ಕಿವುಚಿತು.

"ಎಂಗದೆ?"

"ಕಯ್ಯಿ."

"ಕಬ್ ಕಯ್ಯಿಯಿತ್ತಾ?"

"ಇಲ್ಲ ಮಾವ."

"ಸರಿ, ಓಗು."

ಅಷ್ಟೇ ಅಂದ. ಹುಡುಗ ಹೊರಗೆ ನಡೆದ. ನಾನು ಹಿಂದೆಯೇ ಓಡಿದೆ, ಕಬ್ಬಿನ ಗದ್ದೆ ಸಂದಿಯಲ್ಲಿ ಕಣ್ಣಿಗೆ ಮರೆಯಾದ. ಮನೆಗೆ ಬಂದು ನೋಡಿದರೆ ಕೊಟ್ಟಿಗೆ ಖಾಲಿ. ಸೇತುವೆ ಹತ್ತಿರ ಹೋದೆ, ಅಲ್ಲೂ ಇಲ್ಲ. ನಾಲೆ ಏರಿಯ ಮೇಲೆ ನೀರು ನೋಡಿಕೊಂಡೇ ನಡೆದೆ. ಅವತ್ತು ನೀರು ದಡ ಮುಟ್ಟುತ್ತಿತ್ತು. ತೇಲಿ ಬಂದ ಒಂದು ಬಾಳೆದಿಂಡು ಕಂಡು ಕೂತುಬಿಟ್ಟೆ, ಮತ್ತೆ ಎದ್ದೆ. ಏರಿಯ ಮೇಲೆ ಸಿಕ್ಕವರನ್ನು ಕೇಳಲಿಲ್ಲ, ಕೇಳಿದರೆ ಏನು ಹೇಳಿಬಿಡುತ್ತಾರೋ ಅಂತ. ನಾಲೆ ಏರಿ ಕೊನೆಗೆ ಹೋಗಿ ಸೇರುವುದು ಆಲೆಮನೆಯ ದಾರಿಗೇ. ಹೊತ್ತು ಇಳಿಯುತ್ತಿತ್ತು. ಆಲೆಮನೆಯ ಒಳಗೆ ಕರಕರ ಅಂತ ಉಜ್ಜುವ ಸದ್ದು.

ಅವನು ಕೊಪ್ಪರಿಗೆಯೊಳಗೆ ಇಳಿದು ಕೂತಿದ್ದ. ತೆಂಗಿನ ನಾರು, ಬೂದಿ ಹಾಕಿಕೊಂಡು ಸೀಕಲು ತಿಕ್ಕುತ್ತಿದ್ದ. ಮೊಣಕೈವರೆಗೆ ಕಪ್ಪು, ಕೆನ್ನೆಯ ಮೇಲೆ ಕಪ್ಪು, ಅದರ ನಡುವೆ ಕಣ್ಣೀರು ಇಳಿದ ಗೆರೆ. ಆ ಮನುಷ್ಯ ಹೊರಗೆ ಬೀಡಿ ಸೇದುತ್ತ ಕೂತಿದ್ದ. ಓಗು ಅಂದರೂ ಹುಡುಗ ತಾನಾಗಿಯೇ ತಿರುಗಿ ಬಂದಿದ್ದನಂತೆ. "ಮಾತಾಡುಸ್ಬ್ಯಾಡ ಬಾ ಅವ್ವ. ಉಜ್ಲಿ" ಅಂದ. ನನಗೆ ತಡೆಯಲಾಗಲಿಲ್ಲ. ನಿನ್ನ ಮಗನ ಕೈ ಮುರಿದವನನ್ನು ನೀನು ಯಾಕಪ್ಪ ಕರೆದುಕೊಂಡು ಬಂದೆ ಅಂತ ಕೇಳಿಯೇಬಿಟ್ಟೆ. ಅವನು ಬೆರಳಿಲ್ಲದ ಕೈ ನೋಡಿಕೊಂಡ. ಅವನೂ ಕಬಡ್ಡಿ ಆಡುತ್ತಿದ್ದವನೇ, ಗಾಣಕ್ಕೆ ಬೆರಳು ಕೊಟ್ಟ ಮೇಲೆ ಬಿಟ್ಟವನು.

"ಅವತ್ತು ಆಟ ನೋಡಕ್ಕೆ ನಾನೂ ಓಗಿದ್ದೆ. ನನ್ ಮಗ ಕಿರುಚ್ಕತಿದ್ದ. ನಿನ್ ಮೊಮ್ಮಗ ಅವ್ನ್ ಕೈ ಇಡ್ಕಂಡು ಸುಮ್ನೆ ನಿಂತಿದ್ದ, ಬುಡಾದೆಂಗೆ ಅಂತ ಗೊತ್ತಿಲ್ದೋನಂಗೆ. ಕಿರುಚ್ದೋನ್ಗೆ ಡಾಕ್ಟ್ರು ಸಿಕ್ಕುದ್ರು. ಸುಮ್ನಿದ್ದೋನ್ದೇ ಯೋಚ್ನೆ ಆಯ್ತು ನಂಗೆ."

ನಾನು ಮಧ್ಯಾಹ್ನ ಬಿಟ್ಟುಹೋಗಿದ್ದ ಬುತ್ತಿಯನ್ನು ಬಿಚ್ಚಿ ಅವನ ಮುಂದಿಟ್ಟೆ.

ಅದಾದ ಮೇಲೆ ಆ ಮನುಷ್ಯ ಸಾಕು ಅಂದರೆ ಮೊಮ್ಮಗನ ಕೈ ಅಲ್ಲಿಗೇ ನಿಲ್ಲುತ್ತಿತ್ತು. ಬೆಲ್ಲ ಹೊಂಬಣ್ಣಕ್ಕೆ ಇಳಿಯತೊಡಗಿತು. ಸಂಜೆ ಕೆಲಸ ಮುಗಿದ ಮೇಲೆ ಸಿಪ್ಪೆ ಒಣಗಲು ಹರವಿದ ಬಯಲಿನಲ್ಲಿ ಆ ಮನುಷ್ಯ ಕಬಡ್ಡಿಯ ಗೆರೆ ಎಳೆದ. ಬಿದ್ದರೆ ಹಾಸಿಗೆಯಂತೆ ಮೆತ್ತಗಿನ ಜಾಗ. ಆದರೆ ಈಗ ಬೇರೆಯೇ ಫಜೀತಿ. ನನ್ನ ಮೊಮ್ಮಗನ ಕೈ ಯಾರನ್ನೂ ಹಿಡಿಯುತ್ತಲೇ ಇರಲಿಲ್ಲ. ಎದುರಿನವರು ಹತ್ತಿರ ಬಂದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಆ ಮನುಷ್ಯ ತಾನೇ ತೊಡೆ ಕೊಟ್ಟು "ಇಡಿ" ಅನ್ನುವನು, "ಸಾಕು" ಅನ್ನುವನು. ಇಡಿ, ಸಾಕು. ಇಡಿ, ಸಾಕು. ದಿನಾ ಇದೇ. ಅವನೊಬ್ಬನನ್ನು ಹಿಡಿಯುತ್ತಿದ್ದ, ಬೇರೆ ಯಾರನ್ನೂ ಇಲ್ಲ.

ಅಷ್ಟರಲ್ಲಿ ಆ ಮನುಷ್ಯನ ಮಗನ ಪಟ್ಟಿ ಬಿಚ್ಚಿದರು. ಕೈ ಕೂಡಿತ್ತು, ಪೂರಾ ನೆಟ್ಟಗಾಗಲಿಲ್ಲ. ಇನ್ನು ಆಗುವುದಿಲ್ಲ ಅಂತಲೂ ಹೇಳಿದರು. ಆದರೂ ಅವನು ಬಯಲಿಗೆ ಇಳಿದ. ಜೈಲಿನ ಮಾತನ್ನು ಮತ್ತೆ ಎತ್ತಲಿಲ್ಲ. ಸೀದ ಪಾಕದ ವಾಸನೆ ಅವನ ಮೂಗಿಗೂ ತಟ್ಟಿತ್ತು ಅಂತ ಕಾಣುತ್ತದೆ.

ಬೆಲ್ಲದ ಕೆಲಸ ಮುಗಿಯುವ ಹೊತ್ತಿಗೆ ಆ ಮನುಷ್ಯ ಹಾಸ್ಟೆಲ್ಲಿಗೆ ಹೋಗಿ ಮೇಷ್ಟ್ರ ಮುಂದೆ ಕೂತು ಬಂದ. ಕೈ ಮುರಿಸಿಕೊಂಡವನ ಅಪ್ಪನೇ ಬಂದು ಕೇಳಿದರೆ ಅವರಾದರೂ ಏನಂದಾರು? ಕೆ.ಆರ್. ಪೇಟೆ ಕಡೆ ಒಂದು ಊರಲ್ಲಿ ಪಂದ್ಯವಿದೆ, ಬಂದು ನೋಡುತ್ತೇನೆ, ಆ ಒಂದು ಆಟದಲ್ಲಿ ಅವನ ಕೈ ತಪ್ಪಿದರೆ ಮತ್ತೆ ಯಾರೂ ನನ್ನ ಹತ್ತಿರ ಬರಬೇಡಿ ಅಂದರಂತೆ.

ಪಂದ್ಯಕ್ಕೆ ನಾನೂ ಹೋದೆ. ಸೊಸೆಗೆ ರಜೆ ಸಿಗಲಿಲ್ಲ, ಅಥವಾ ಕೇಳಲಿಲ್ಲ. ಸುಡುವ ಮಧ್ಯಾಹ್ನ. ಸುತ್ತ ಹಗ್ಗ ಕಟ್ಟಿದ್ದರು, ಮೇಷ್ಟ್ರು ಕುರ್ಚಿ ಹಾಕಿಕೊಂಡು ಕೂತಿದ್ದರು. ನಮ್ಮೂರ ತಂಡಕ್ಕೆ ಎದುರಾಗಿ ಬಂದಿದ್ದು ಆ ಮನುಷ್ಯನ ಊರಿನ ತಂಡವೇ. ಸೊಟ್ಟ ಕೈಯ ಹುಡುಗ ಕಬಡ್ಡಿ ಕಬಡ್ಡಿ ಅಂತ ರೈಡಿಗೆ ಬಂದ. ನನ್ನ ಮೊಮ್ಮಗನ ಪಕ್ಕದಲ್ಲೇ ಹಾದ. ಇವನು ಕೈ ಎತ್ತಲೇ ಇಲ್ಲ. ಅವನು ಇಬ್ಬರನ್ನು ಮುಟ್ಟಿಕೊಂಡು ಹೋದ. ನಮ್ಮೂರವರು ಬೈದರು. ಗುಂಪಿನಲ್ಲಿ ಯಾರೋ, "ಬುಡ್ರಲಾ, ಅವ್ನ್ ಇಡುದ್ರೆ ಆಂಬುಲೆನ್ಸು ಬರ್ಬೇಕಾಯ್ತದೆ" ಅಂದರು. ಎಲ್ಲ ನಕ್ಕರು. ಮೇಷ್ಟ್ರು ನಗಲಿಲ್ಲ, ಎದ್ದು ಹೋಗುವವರ ಹಾಗೆ ಕುರ್ಚಿ ಹಿಂದಕ್ಕೆ ಸರಿಸಿದರು. ನನ್ನ ಜೀವ ಆ ಕುರ್ಚಿಯ ಕಾಲಿಗೆ ಸಿಕ್ಕಿಕೊಂಡಿತು.

ಆಗ ಹಗ್ಗದ ಆಚೆಯಿಂದ ಆ ಮನುಷ್ಯ ಕೂಗಿದ. "ಲೇ, ನನ್ ಮಗ ಏನ್ ಮೊಸರ್ ಗಡಿಗೇನ್ಲಾ? ಮುಟ್ಟುದ್ರೆ ಒಡ್ದೋಗ್ತಾನಾ? ಕರುಣೆ ತೋರ್ಸಿದ್ರೆ ನಮ್ ಆಲೆಮನೆ ಕಡೀಕೆ ತಲೆ ಆಕ್ಬ್ಯಾಡ. ಇಡೀಲಾ."

ಮಗನೂ ಗೆರೆಯ ಆಚೆ ನಿಂತು ಸೊಟ್ಟ ಕೈ ಎತ್ತಿ ತೋರಿಸಿದ. "ಇದೊಂದ್ ಬುಟ್ಟು ಯಾವ್ದಾದ್ರೂ ಇಡ್ಕಳ್ಲಾ" ಅಂದ.

ಮತ್ತೆ ರೈಡಿಗೆ ಬಂದ. ಈ ಸಲ ನನ್ನ ಮೊಮ್ಮಗ ಬಗ್ಗಿ ತೊಡೆಗೆ ಕೈ ಹಾಕಿದ. ಅವನು ಕೊಸರಿದ, ಅವನ ಮೊಣಕಾಲು ಇವನ ಬಾಯಿಗೆ ಬಡಿಯಿತು, ರಕ್ತ ಬಂತು. ಗುಂಪು ಏನೇನೋ ಅರಚುತ್ತಿತ್ತು. ಇವನ ದವಡೆ ಬಿಗಿಯಿತು. ನಾನು ಮುಖ ನೋಡುವುದು ಬಿಟ್ಟು ಕೈ ನೋಡಿದೆ. ಕಬಡ್ಡಿ ಅನ್ನುವ ಉಸಿರು ಸಣ್ಣಗಾಗುತ್ತ ಬಂದು ನಿಂತಿತು. ವಿಶಲ್.

ಕೈ ತೆರೆಯಿತು. ಎರಡೂ ಕೈ, ಹತ್ತೂ ಬೆರಳು. ತೆರೆದ ಕೈಗಳನ್ನು ಮೇಲಕ್ಕೆ ಎತ್ತಿಕೊಂಡು ಅಲ್ಲೇ ಮಂಡಿಯೂರಿ ಕೂತ. ಸೊಟ್ಟ ಕೈಯ ಹುಡುಗ ಧೂಳು ಕೊಡವಿಕೊಂಡು ಎದ್ದು, ಇವನ ಬಾಯಿ ನೋಡಿ, "ಹಲ್ ಎಲ್ಲಾ ಅವೇನ್ಲಾ?" ಅಂದ. ಇವನು ನಾಲಗೆ ಆಡಿಸಿ ನೋಡಿಕೊಂಡು, "ಒಂದ್ ಅಳ್ಳಾಡ್ತದೆ" ಅಂದ. "ಇರ್ಲಿ ಬುಡು. ಇನ್ನೂ ಬೇಜಾನ್ ಬಾಕಿ ಅದೆ" ಅಂದ ಅವನು.

ನಮ್ಮೂರು ಸೋತಿತು. ಯಾರಿಗೆ ಬೇಕು ಅದು? ನಾನು ಹಗ್ಗದೊಳಗೆ ನುಗ್ಗಿಬಿಟ್ಟೆ, ಅಂಪೈರು ಬೈದರು. ಮೇಷ್ಟ್ರು ಸೋಮವಾರ ಪೆಟ್ಟಿಗೆ ತೆಗೆದುಕೊಂಡು ಬಾ ಅಂದರು. ರಾತ್ರಿ ಸೊಸೆ ಕೆಲಸದಿಂದ ಬಂದು ಅದನ್ನು ಕೇಳಿದಳು. ಬಿಸಿನೀರಿಗೆ ಉಪ್ಪು ಹಾಕಿ ಮಗನಿಗೆ ಬಾಯಿ ಮುಕ್ಕಳಿಸಲು ಕೊಟ್ಟಳು. ಅವನ ಗಲ್ಲ ಹಿಡಿದು ಹಲ್ಲು ನೋಡಿದಳು, ತುಂಬ ಹೊತ್ತು ನೋಡಿದಳು.

ಮೈಸೂರಿಗೆ ಹೋಗಿ ಜೈಲಿನಲ್ಲಿ ನನ್ನ ಮಗನಿಗೂ ಹೇಳಿ ಬಂದೆ. ಒಯ್ದಿದ್ದ ಬೆಲ್ಲ ಒಳಗೆ ಬಿಡಲಿಲ್ಲ. ಅವನ ತಲೆ ನನ್ನ ತಲೆಗಿಂತ ಹೆಚ್ಚು ನರೆತಿದೆ. ಎಲ್ಲ ಕೇಳಿಸಿಕೊಂಡು, "ಊದುದ್ ತಕ್ಷಣ್ವೇ ಬುಟ್ನಾ ಅವ್ವ?" ಅಂದ.

"ತಕ್ಷಣ್ವೇ ಕಣಪ್ಪ."

"ಇನ್ನೊಂದ್ಕಿತ ಯೋಳು."

ಹೇಳಿದೆ. ಹೊತ್ತಾಯಿತು ಅಂತ ಪೋಲೀಸಿನವರು ಎಬ್ಬಿಸುವ ತನಕ ಅದನ್ನೇ ಹೇಳಿದೆ.

ಸೋಮವಾರ ಮೊಮ್ಮಗ ಬಸ್ಸು ಹತ್ತಿದ. ಮಾರನೇ ದಿನ ನಮ್ಮ ಗದ್ದೆಯ ಕಬ್ಬು ಕಡಿಯಬೇಕಿತ್ತು, ಮನೆಯಲ್ಲಿ ಗಂಡಾಳಿಲ್ಲ. ಬೆಳಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ಸೊಟ್ಟ ಕೈಯ ಹುಡುಗ ಕುಡುಗೋಲು ಇಟ್ಟುಕೊಂಡು ಕೂತಿದ್ದ.

"ಮುಯ್ಯಾಳು ಬಂದಿವ್ನಿ ಅಜ್ಜಿ."

"ಯಾತರ್ ಮುಯ್ಯಿ ಮಗ? ನೀವ್ ನಮ್ಗೇನೂ ಕೊಡ್ಬೇಕಾಗಿಲ್ಲ" ಅಂದೆ.

"ನನ್ ಕೈ ಸರಿಯಾದ್ ಮ್ಯಾಲೂ ಅವ್ನು ದುಡ್ದವ್ನಂತೆ. ಅದು ನಮ್ ಮ್ಯಾಲೆ ಮುಯ್ಯಿ ಆಯ್ತದೆ ಅಂತ ಅಪ್ಪ ಕಳುಸ್ತು. ಮುದ್ದೆ ಆಗದಾ?"

ಮುದ್ದೆ ತಿಂದು ಗದ್ದೆಗೆ ಇಳಿದ. ಬಲಗೈ ನೆಟ್ಟಗೆ ಚಾಚುವುದಿಲ್ಲ, ಎಡಗೈಯಲ್ಲಿ ಕಡಿಯುತ್ತಾನೆ. ಬದುವಿನ ಮೇಲೆ ಕೂತು ನಾನು ಪಂದ್ಯದ ಸುದ್ದಿಯನ್ನು ಅವನಿಗೇ ಹೇಳತೊಡಗಿದೆ, ಅವನು ಆಡಿದ ಆಟವನ್ನು ಅವನಿಗೇ. "ಗೊತ್ತು ಕಣಜ್ಜಿ, ಅಲ್ಲೇ ಇದ್ನಲ್ಲ" ಅಂದ. ಆದರೂ ಹೇಳಿದೆ. ಹೇಳುತ್ತ ಹೇಳುತ್ತ ಅವನ ಆ ಕೈ ಕಣ್ಣಿಗೆ ಬೀಳುತ್ತಿತ್ತು, ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಅವನು ಕಬ್ಬು ಸವರಿ ಪಕ್ಕಕ್ಕೆ ಹಾಕಿ, "ಆಮ್ಯಾಕೆ?" ಅನ್ನುವನು. ಮತ್ತೆ ಮುಂದುವರಿಸುತ್ತಿದ್ದೆ.